ಅತ್ತೆಯ ಟ್ರಂಕಿನ ಬೀಗದ ಕೈ

ಮಗ್ಗದ ಮನೆಗೆ ಸೊಸೆಯಾಗಿ ಬಂದವಳು ಆ ಮನೆಯ ಅಡುಗೆ ಕಲಿಯೋದಕ್ಕಿಂತ ಮುಂಚೆ ತುಟಿ ಓದೋದು ಕಲೀಬೇಕು. ನಾನು ದೇವನಹಳ್ಳಿ ಕಡೆಯ ಹೊಲದವರ ಮನೆ ಹುಡುಗಿ. ನಲ್ಲೂರಿನ ಹುಣಸೆ ತೋಪು ದಾಟಿದರೆ ನಮ್ಮೂರು. ನಮ್ಮಲ್ಲಿ ಮಾತಾಡೋದು ಅಂದರೆ ಕೂಗೋದು. ಹೊಲದ ಆ ತುದಿಯಲ್ಲಿರೋ ಅಪ್ಪನಿಗೆ ಈ ತುದಿಯಿಂದ ಊಟಕ್ಕೆ ಬಾ ಅಂತ ಕೂಗಿದರೆ ಮುಗೀತು. ದೊಡ್ಡಬಳ್ಳಾಪುರದ ಈ ಬೀದಿಗೆ ಬಂದ ಮೇಲೆ ನನ್ನ ಗಂಟಲಿಗೆ ಕೆಲಸವೇ ಇಲ್ಲದೆ ಹೋಯ್ತು. ನಮ್ಮನೆಯಲ್ಲಿ ಪವರ್‌ಲೂಮು, ಎದುರು ಮನೆಯಲ್ಲಿ ಪವರ್‌ಲೂಮು, ಹಿಂದಿನ ಬೀದಿಯಲ್ಲೂ ಅದೇ. ಕರೆಂಟ್ ಇರುವಷ್ಟು ಹೊತ್ತೂ ಕಿವಿಗೆ ಬೇರೇನೂ ಬೀಳಲ್ಲ. ಅದಕ್ಕೇ ಇಲ್ಲಿನವರು ದನಿ ತೆಗೆಯದೆ ಬರೀ ತುಟಿ ಆಡಿಸಿ ಮಾತಾಡ್ತಾರೆ. ಜಗಳಾನೂ ಹಾಗೇ ಆಡ್ತಾರೆ.

ಮನೆಯಲ್ಲಿ ನಾವು ಮೂರೇ ಜನ. ನಾನು, ನಮ್ಮನೆಯವರು, ಅವರ ಅಮ್ಮ. ಮಾವ ನಾನು ಬರೋಕೆ ಮುಂಚೆಯೇ ತೀರಿಕೊಂಡಿದ್ದರು. ನಮ್ಮನೆಯವರು ಮಗ್ಗ ನೋಡಿಕೊಳ್ಳೋರು, ಅತ್ತೆ ಬಾಗಿಲ ಹತ್ತಿರ ಕೂತು ಕಂಡಿಕೆ ಸುತ್ತೋರು. ಕಂಡಿಕೆ ಅಂದರೆ ನೂಲು ಸುತ್ತಿದ ಗೇಣುದ್ದದ ಕಡ್ಡಿ; ಅದನ್ನ ಲಾಳಿಯೊಳಗೆ ಇಟ್ಟರೆ, ಲಾಳಿ ಅತ್ತಿಂದಿತ್ತ ಓಡಿ ಸೀರೆ ನೇಯುತ್ತೆ. ಅತ್ತೆ ಅಲ್ಲಿಂದ ತುಟಿ ಅಲುಗಿಸಿದರೆ ಸಾಕು, ಆ ತುದಿಯ ಮಗ್ಗದ ಹತ್ತಿರ ಇರೋ ಮಗನಿಗೆ ಅರ್ಥವಾಗ್ತಿತ್ತು. ಹುಟ್ಟಿದಾಗಿನಿಂದ ಕಲಿತವರು ಅವರು. ದೊಡ್ಡವಳಾದ ಮೇಲೆ ಕಲಿತ ನಾನು ಬಾಯಿ ಪೂರ್ತಿ ಅಗಲಿಸಿ, ಒಂದೊಂದು ಅಕ್ಷರಾನೂ ಬಿಡಿಸಿ ಹೇಳ್ತಿದ್ದೆ. "ನಿನ್ನ ಬಾಯಿನ ಮಾಕಳಿದುರ್ಗದ ಬೆಟ್ಟದ ಮೇಲೆ ನಿಂತಿರೋನೂ ಓದ್ತಾನೆ ಕಣೆ," ಅಂತ ನಮ್ಮನೆಯವರು ರೇಗಿಸೋರು. ರೇಗಿಸಲಿ ಬಿಡು ಅಂತ ನಾನೂ ಸುಮ್ಮನಿರ್ತಿದ್ದೆ. ಆಗಿನ್ನೂ ನಗೋದಕ್ಕೆ ಕಾರಣ ಇತ್ತು.

ಮದುವೆಯಾದ ಮಾರನೇ ವರ್ಷ ಅವರಿಗೆ ಕೆಮ್ಮು ಹಿಡಿಯಿತು. ಮಗ್ಗದ ಧೂಳು ಅಂದುಕೊಂಡೆವು. ಕೊನೆಗೆ ಅದು ಟಿಬಿ ಅಂತಾಯ್ತು, ಟಿಬಿ ಬಂದವರಿಗೆಲ್ಲ ಮಾಡೋ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಅಂತಾನೂ ಗೊತ್ತಾಯ್ತು. ನನಗೂ ಪರೀಕ್ಷೆ ಮಾಡಿದರು. ನನಗೆ ಇರಲಿಲ್ಲ. ಎಲ್ಲಿಂದ ತಂದ್ರಿ ಇದನ್ನ ಅಂತ ಬಸ್‌ಸ್ಟ್ಯಾಂಡಿನಲ್ಲೇ ಕೇಳಿಬಿಟ್ಟೆ. ನನ್ನ ಕೋಪಕ್ಕೆ ಜಾಗ ಹೊತ್ತು ಏನೂ ತಿಳಿಯಲ್ಲ. ಮದುವೆಗೆ ಮುಂಚೆ ಸೂರತ್ ಕಡೆ ಮಗ್ಗದ ಕೆಲಸಕ್ಕೆ ಹೋಗಿದ್ದಾಗ, ಅಂದರು. ಆಮೇಲೆ ತಲೆ ಎತ್ತಲಿಲ್ಲ. ನಾನು ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟೆ. ಬಿಟ್ಟು ಹೋಗೋಣ ಅಂತಲೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಮ್ಮನ ಮನೆಗೆ ಹೋಗಿ ಏನಂತ ಹೇಳೋದು? ಆ ಮಾತು ಬಾಯಿಗೆ ಬರೋದು ನೆನೆಸಿಕೊಂಡರೇ ಮೈ ಮುದುರಿಕೊಳ್ಳೋದು. ಹಾಗೇ ಉಳಿದೆ, ಉಳಿದ ಮೇಲೆ ಅವರ ಮೇಲಿನ ಪ್ರೀತಿ ನಿಧಾನಕ್ಕೆ ತಿರುಗಿ ಬಂತು.

ಅತ್ತೆಗೆ ಹೇಳಿದ್ದು ಟಿಬಿ ಅಂತ ಮಾತ್ರ. ಟಿಬಿ ವಾಸಿಯಾಯ್ತು, ಆಮೇಲೂ ದಿನಾ ನುಂಗೋ ಮಾತ್ರೆಗೆ ಶಕ್ತಿ ಮಾತ್ರೆ ಅಂದೆವು. ಮಾತ್ರೆ ತರೋದಕ್ಕೆ ಹೋಗ್ತಿದ್ದದ್ದು ಬೆಂಗಳೂರಿನ ಆಸ್ಪತ್ರೆಗೆ. ಇಲ್ಲೇ ಹತ್ತಿರ ತಗೊಂಡರೆ ಯಾರಾದರೂ ನೋಡಿಯಾರು ಅನ್ನೋ ಭಯ. ಕೈಯಲ್ಲಿ ಒಂದು ಸೀರೆ ಗಂಟು ಇಟ್ಟುಕೊಂಡು, ಚಿಕ್ಕಪೇಟೆಗೆ ಮಾಲು ಕೊಡೋಕೆ ಹೋಗ್ತಿದೀವಿ ಅಂತ ಬೀದಿಗೆಲ್ಲ ಸಾರಿಕೊಂಡು ಬಸ್ ಹತ್ತುತ್ತಿದ್ದೆವು. ಬರುವಾಗ ಅದೇ ಗಂಟಿನ ಒಳಗೆ ಮಾತ್ರೆ ಡಬ್ಬಿ, ಜೊತೆಗೆ ಅದು. ಅದು ಅಂದರೆ ನಿರೋಧ್. ಆ ಹೆಸರು ಬರೆಯೋಕೆ ಈಗಲೂ ಕೈ ಹಿಂದೇಟು ಹಾಕುತ್ತೆ.

ಅಲ್ಲಿನ ಕೌನ್ಸೆಲರ್ ಮೇಡಂ ಒಳ್ಳೆಯವರು, ಆದರೆ ಅವರಿಗೆ ನಾಚಿಕೆ ಅನ್ನೋದು ಒಂದು ಚೂರೂ ಇರಲಿಲ್ಲ. ತರಕಾರಿ ಹೆಸರು ಹೇಳಿದ ಹಾಗೆ ಎಲ್ಲ ಹೇಳೋರು. "ಮಗು ಆಗದ ಹಾಗೆ ನೋಡ್ಕೊಳ್ಳೋಕೆ ವಂಕಿ, ಅದೇ ಕಾಪರ್-ಟಿ, ಹಾಕಿಸ್ಕೋಬಹುದು, ಮೂರು ತಿಂಗಳಿಗೊಂದು ಇಂಜೆಕ್ಷನ್ ಇದೆ. ಆದ್ರೆ ಅವು ಮಗು ತಡೀತವೆ, ಕಾಯಿಲೆ ತಡಿಯಲ್ಲ. ಎರಡೂ ತಡೆಯೋದು ಇದೊಂದೇ. ಮಾತ್ರೆ ತಪ್ಪಿಸ್ಬೇಡಿ, ಇದನ್ನೂ ಬಿಡ್ಬೇಡಿ," ಅಂತ ಆ ಡಬ್ಬಿಯನ್ನ ಮೇಜಿನ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇಟ್ಟುಬಿಡೋರು. ನಾನು ಸೆರಗಿನ ಅಂಚು ಎಣಿಸ್ತಾ ಕೂರ್ತಿದ್ದೆ, ಇವರು ಫ್ಯಾನ್ ನೋಡ್ತಾ ಕೂರ್ತಿದ್ದರು. ನಿಮಗೆ ಏನಿಷ್ಟ ಹೇಳ್ರಮ್ಮ ಅಂತ ಮೇಡಂ ಒಂದು ಸಲ ನನ್ನನ್ನೇ ಕೇಳಿದರು. ನನ್ನಿಷ್ಟ! ಏನಾದ್ರೂ ಪರವಾಗಿಲ್ಲ ಮೇಡಂ ಅಂದೆ, ಬಸ್ಸಿನಲ್ಲಿ ಯಾವ ಸೀಟಾದರೂ ಪರವಾಗಿಲ್ಲ ಅನ್ನೋ ಹಾಗೆ.

ನನ್ನ ಇಷ್ಟ ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಮಗು ಬೇಕಿತ್ತು. ಹೇಳೋದು ಹೇಗೆ? ಗಂಡನಿಗೆ ಅಂಥ ಕಾಯಿಲೆ, ದೇವರ ದಯೆಯಿಂದ ತನಗೆ ತಗುಲಿಲ್ಲ, ಬಾಯಿ ಮುಚ್ಚಿಕೊಂಡು ಬದುಕೋದು ಬಿಟ್ಟು ಮಗು ಕೇಳ್ತಾಳಲ್ಲ ಇವಳು, ಎಂಥ ಆಸೆಬುರುಕಿ ಅಂದುಕೊಂಡರೆ? ಬೇರೆಯವರು ಅನ್ನೋದು ಹಾಗಿರಲಿ, ನಾನೇ ನನಗೆ ಹಾಗಂತಿದ್ದೆ. ಬೀದಿಯಲ್ಲಿ ಯಾರದಾದರೂ ಸೀಮಂತ ಅಂದರೆ ನನ್ನನ್ನ ಕರೀತಿದ್ದರು, ಆರತಿ ಎತ್ತುವಾಗ ಮಾತ್ರ ತಟ್ಟೆ ನನ್ನ ಮುಂದಿನಿಂದ ಮೆಲ್ಲಗೆ ಪಕ್ಕದವಳ ಕೈಗೆ ಹೋಗ್ತಿತ್ತು. ಆಮೇಲೆ ಕೋಸಂಬರಿ ನನಗೇ ಜಾಸ್ತಿ ಬಡಿಸೋರು. ಆ ಕೋಸಂಬರಿ ತಿನ್ನೋವಾಗ ಅವಮಾನಕ್ಕೆ ಮುಖ ಉರೀತಿತ್ತು.

ಡಾಕ್ಟರು ಒಂದು ಸಲ ತಾವಾಗಿಯೇ ಹೇಳಿದ್ದರು, ಮಾತ್ರೆ ಸರಿಯಾಗಿ ತಗೊಂಡಿದೀರಿ, ರಕ್ತದಲ್ಲಿ ವೈರಸ್ ಸಿಗದಷ್ಟು ಕಮ್ಮಿಯಾಗಿದೆ, ಮಗು ಬೇಕು ಅನ್ನಿಸಿದರೆ ಬಂದು ಹೇಳಿ, ಅದಕ್ಕೂ ದಾರಿ ಇದೆ ಅಂತ. ನಾನು ಕುರ್ಚಿಯ ತುದಿಗೆ ಸರಿದೆ. ಇವರು ಮಾತ್ರ ಬೇಡ ಸಾರ್ ಅಂತ ಎದ್ದೇಬಿಟ್ಟರು. ಬಸ್ಸು ಯಲಹಂಕ ದಾಟಿತು. ಆಮೇಲೆ ಕಿಟಕಿ ಕಡೆ ನೋಡ್ತಾ ಅಂದರು, "ನಾನು ಗಂಡಸರ ಆಪರೇಷನ್ ಮಾಡಿಸ್ಕೊಂಡ್ಬಿಡ್ತೀನಿ. ಆಸೆನೇ ಇರಬಾರ್ದು. ನಿಂಗೆ ನನ್ನಿಂದ ಈ ರೋಗ ಬಂದ್ರೆ ನಾನು ಬದುಕಿರಲ್ಲ." ನಿಮ್ಮಿಷ್ಟ, ಅಂದೆ. ಬೇಡ ಕಣ್ರೀ ಅನ್ನೋ ಎರಡು ಮಾತು ನನ್ನ ಬಾಯಿಂದ ಬರಲಿಲ್ಲ. ಹೊಲದ ತುದಿಗೆ ಕೇಳೋ ಹಾಗೆ ಕೂಗ್ತಿದ್ದವಳು ನಾನು! ಈಗ ಕೈಯಲ್ಲಿರೋ ಸೀರೆಗಳನ್ನ ನೇಯ್ದು ಕೊಟ್ಟ ಮೇಲೆ ಹೋಗ್ತೀನಿ ಅಂತ ಅವರು ದಿನ ಗೊತ್ತುಮಾಡಿಕೊಂಡರು. ಆ ಸೀರೆಗಳು ಮುಗೀದೇ ಇರಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ತಿದ್ದೆ.

ಮನೆಯಲ್ಲಿ ಆ ನಿರೋಧ್ ಪೊಟ್ಟಣಗಳನ್ನ ಇಡೋದಕ್ಕೆ ಜಾಗ ಅಂತ ಇರಲಿಲ್ಲ. ಬೀರು ಅತ್ತೆ ತೆಗೀತಾರೆ, ಹಾಸಿಗೆ ಅತ್ತೆ ಕೊಡವ್ತಾರೆ. ಕೊನೆಗೆ ಮಗ್ಗದ ಮನೆ ಅಟ್ಟದ ಮೇಲೆ, ಹಳೇ ಬಣ್ಣದ ಕಂಡಿಕೆಗಳ ಬುಟ್ಟಿಯ ತಳಕ್ಕೆ ಹಾಕಿದ್ದೆ. ಗಿಳಿಹಸಿರು ಕಂಡಿಕೆ, ಆ ಬಣ್ಣದ ಸೀರೆ ಯಾರೂ ಕೇಳ್ತಿರಲಿಲ್ಲ. ಇನ್ನು ಅದನ್ನ ಯಾರು ಮುಟ್ತಾರೆ ಅಂದುಕೊಂಡಿದ್ದೆ. ಹಬ್ಬ ಹತ್ತಿರ ಬಂತು, ಚಿಕ್ಕಪೇಟೆಯಿಂದ ಗಿಳಿಹಸಿರು ಸೀರೆಗೇ ಆರ್ಡರ್ ಬಂತು. ನನಗೆ ಹೊಳೆಯೋಕೆ ಮುಂಚೆ ಅತ್ತೆ ಬುಟ್ಟಿ ಇಳಿಸಿ ಸುರಿದುಕೊಂಡಿದ್ದರು.

ನಾನು ಅಡುಗೆ ಮನೆಯಲ್ಲಿದ್ದೆ. ಬಚ್ಚಲ ಕಡೆಯಿಂದ ರಬ್ಬರ್ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಅತ್ತೆ ಹಂಡೆ ಒಲೆಗೆ ಒಂದೊಂದಾಗಿ ಪೊಟ್ಟಣ ಹಾಕ್ತಾ ಇದ್ದಾರೆ. ನನ್ನನ್ನ ನೋಡಿದವರೇ ಕೈಹಿಡಿದು ಮಗ್ಗದ ಮನೆಗೆ ಎಳೆದುಕೊಂಡು ಹೋದರು. ಯಾಕೆ ಅಂತ ಆಗಲೇ ಗೊತ್ತಾಯ್ತು. ಹೊರಗೆ ಪಕ್ಕದ ಮನೆಯಾಕೆ ಬಟ್ಟೆ ಒಗೀತಾ ಇದ್ದಳು, ಬಚ್ಚಲಲ್ಲಿ ಬೈದರೆ ಅವಳಿಗೆ ಕೇಳಿಸ್ತಿತ್ತು. ಮಗ್ಗದ ಸದ್ದಿನೊಳಗೆ ಯಾರಿಗೂ ಕೇಳಲ್ಲ. ಎಲ್ಲ ಮಗ್ಗಾನೂ ಓಡ್ತಿದ್ದವು. ಇವರು ಆ ತುದಿಯಲ್ಲಿ, ಮಗ್ಗದ ಹಿಂದೆ ಬಗ್ಗಿ, ಕಡಿದ ಎಳೆ ಕಟ್ಟುತ್ತಾ ಇದ್ದರು. ಬೆನ್ನು ಮಾತ್ರ ಕಾಣ್ತಿತ್ತು.

ಅತ್ತೆಯ ತುಟಿ ಆಡಿತು. "ನನ್ ವಂಶ ಸುಟ್ಟೋಳೆ. ನಾನು ದೇವರು ದಿಂಡ್ರು ಅಂತ ಕಂಡ ಕಂಡ ಗುಡಿ ಸುತ್ತಿದ್ದೀನಿ. ನೀನು ಇದನ್ನ ಇಟ್ಕೊಂಡು ನನ್ನ ಮಂಗ ಮಾಡ್ತಿದೀಯಾ?" ದನಿ ಇಲ್ಲದ ಬೈಗುಳ ದನಿ ಇರೋದಕ್ಕಿಂತ ಕಷ್ಟ. ಮುಖ ಬೇರೆ ಕಡೆ ತಿರುಗಿಸಿದರೆ ಕೇಳಿಸಲ್ಲ, ಆದರೆ ತಿರುಗಿಸೋಕೆ ಅವರು ಬಿಡಬೇಕಲ್ಲ. ಗಲ್ಲ ಹಿಡಿದು ನನ್ನ ಮುಖ ತಮ್ಮ ಕಡೆಗೇ ಇಟ್ಟುಕೊಂಡಿದ್ದರು. "ಮೈಕಟ್ಟು ಕೆಡುತ್ತಾ ನಿಂಗೆ? ಗಾರ್ಮೆಂಟ್ಸ್‌ಗೆ ಹೋಗೋ ಯೋಚ್ನೆನಾ? ಹೇಳು, ಮಗು ಬೇಡ್ವಾ ನಿಂಗೆ?"

ಅದೊಂದು ಮಾತು ಕೇಳಬಾರದಿತ್ತು ಅವರು. ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಉಕ್ಕಿ ಬಂತು. ನನಗೆ ಕೋಪ ಬಂದರೆ ಬಾಯಿ ಇನ್ನೂ ಅಗಲ ಆಗುತ್ತೆ. "ಬೇಕು ಅತ್ತೆ. ನಂಗೆ ಮಗು ಬೇಕು. ನಿಮ್ಮ ಮಗನಿಗೆ ಬಂದಿದ್ದು ಬರೀ ಟಿಬಿ ಅಲ್ಲ, ಏಡ್ಸ್ ತರೋ ಎಚ್‌ಐವಿ ಇದೆ ಅವರ ರಕ್ತದಲ್ಲಿ. ದಿನಾ ನುಂಗೋದು ಅದರ ಮಾತ್ರೆ. ನೀವು ಸುಟ್ರಲ್ಲ, ಅದು ನಂಗೆ ತಗುಲಬಾರ್ದು ಅಂತ ಇಟ್ಟಿದ್ದು. ಡಾಕ್ಟ್ರು ದಾರಿ ಇದೆ ಅಂತಾರೆ, ಇವರು ಬೇಡ ಅಂತಾರೆ. ಆಪರೇಷನ್ ಮಾಡಿಸ್ಕೊಳ್ಳೋಕೆ ಹೊರಟಿದಾರೆ. ಬೇಡ ಅನ್ನೋಕೆ ನಂಗೆ ನಾಚ್ಕೆ. ಇಂಥ ಮನೇಲಿ ಮಗು ಕೇಳೋಕೆ ನಂಗೆ ನಾಚ್ಕೆ ಅತ್ತೆ." ಒಂದು ಅಕ್ಷರಕ್ಕೂ ದನಿ ಇರಲಿಲ್ಲ. ಎಲ್ಲ ಬರೀ ಬಾಯಲ್ಲಿ.

ಅತ್ತೆಯ ಕೈ ನನ್ನ ಗಲ್ಲದಿಂದ ಜಾರಿತು. ಅವರ ಕಣ್ಣು ನನ್ನ ಭುಜದ ಮೇಲಿಂದ ಹಿಂದೆ ಹೋಯ್ತು. ತಿರುಗಿ ನೋಡಿದೆ. ಆ ತುದಿಯಲ್ಲಿ ನಮ್ಮನೆಯವರು ನಮ್ಮ ಕಡೆಗೇ ನೋಡ್ತಾ ನಿಂತಿದ್ದರು. ಬಾಗಿಲ ಪಕ್ಕದ ಗೋಡೆಗೆ ಸೀರೆ ಉಟ್ಟವರು ನೋಡಿಕೊಳ್ಳಲಿ ಅಂತ ಮಾವನವರ ಕಾಲದ ದೊಡ್ಡ ಕನ್ನಡಿ ಇದೆ. ಅತ್ತೆ ಆ ಕನ್ನಡಿಗೆ ಬೆನ್ನು ಹಾಕಿ ನಿಂತಿದ್ದರು, ನಾನು ಅದರ ಎದುರಿಗೆ ನಿಂತಿದ್ದೆ. ಎಳೆ ಕಟ್ಟಿ ಎದ್ದು ನಿಂತ ನಮ್ಮನೆಯವರಿಗೆ ನನ್ನ ಬಾಯಿ ಆ ಕನ್ನಡಿಯಲ್ಲಿ ಪೂರ್ತಿ ಕಂಡಿತ್ತು. ಎಷ್ಟು ಹೊತ್ತಿನಿಂದ ನೋಡ್ತಿದ್ದರೋ. ಮಾಕಳಿದುರ್ಗದ ಮೇಲಿಂದ ಓದಬಹುದಾದ ಬಾಯಿ, ಆ ತುದಿಯ ಮಗ್ಗದಿಂದ ಓದೋದು ಏನು ಮಹಾ.

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅವರ ಗುಟ್ಟು ಅವರ ಅಮ್ಮನ ಮುಂದೆ ನಾನು ಆಡಿದ್ದೆ. ಅವರಿಗೆ ಹೇಳಲಾರದ ನನ್ನ ಆಸೆಯನ್ನ ಅವರ ಕಣ್ಣೆದುರೇ ಹರವಿದ್ದೆ. ಯಾವುದಕ್ಕೆ ಹೆಚ್ಚು ನಾಚಿಕೆ ಪಡಬೇಕು ಅಂತಾನೇ ಗೊತ್ತಾಗಲಿಲ್ಲ. ಅವರು ಹೋಗಿ ಮೋಟರ್ ಆಫ್ ಮಾಡಿದರು, ಒಂದೊಂದೇ ಮಗ್ಗ ನಿಂತಿತು. ನಮ್ಮ ಬೀದಿಯಲ್ಲಿ ಹೊತ್ತಲ್ಲದ ಹೊತ್ತಲ್ಲಿ ಮಗ್ಗ ನಿಂತರೆ ಸಾವೇ ಆಗಿರಬೇಕು ಅಂತ ಲೆಕ್ಕ. ಬಟ್ಟೆ ಒಗೀತಿದ್ದ ಪಕ್ಕದಾಕೆ ಕೈ ಒರೆಸಿಕೊಳ್ತಾ ಓಡಿ ಬಂದಳು. "ಏನಾಯ್ತಕ್ಕಾ?" ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಬೆಲ್ಟ್ ಕಟ್ಟಾಯ್ತು ಕಣಮ್ಮಾ," ಅಂದರು. ದನಿ ಒಂದು ಚೂರೂ ನಡುಗಲಿಲ್ಲ.

ಆಮೇಲಿನ ಕೆಲವು ದಿನ ಮನೆಯಲ್ಲಿ ಯಾರೂ ಯಾರ ಮುಖಾನೂ ನೋಡಲಿಲ್ಲ. ಮುಖ ನೋಡದಿದ್ದರೆ ನಮ್ಮ ಮನೆಯಲ್ಲಿ ಮಾತೇ ಇರಲ್ಲ. ಅತ್ತೆ ಮಗನ ತಟ್ಟೆ ಲೋಟ ಬೇರೆ ಇಟ್ಟರು. ಅವರು ಕಂಡೂ ಕಾಣದ ಹಾಗೆ ಉಂಡು ಏಳೋರು. ನನಗೆ ತಡೀಲಿಲ್ಲ. ಅವರು ಉಂಡು ಬಿಟ್ಟ ತಟ್ಟೆಗೇ ಮುದ್ದೆ ಹಾಕಿಕೊಂಡು ಅತ್ತೆಯ ಎದುರೇ ಕೂತು ಉಂಡೆ. "ಹೀಗೆಲ್ಲ ಬರೋ ಹಾಗಿದ್ರೆ ನಂಗೆ ಯಾವತ್ತೋ ಬರ್ತಿತ್ತು," ಅಂದೆ. ಅತ್ತೆ ತುತ್ತು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದರು. ಮಾರನೇ ದಿನ ಎಲ್ಲ ತಟ್ಟೆಗಳೂ ಒಂದೇ ಕಡೆ ಬಂದವು. ಮಗನ ತಟ್ಟೆಯನ್ನ ತಾವೇ ತೊಳೆದಿದ್ದರು. ಆ ಕಾಯಿಲೆಯ ಹೆಸರು ಮಾತ್ರ ಅವರು ಇವತ್ತಿನವರೆಗೂ ಬಾಯಲ್ಲಿ ಅಂದಿಲ್ಲ.

ಆಪರೇಷನ್ ಮಾತು ಇವರು ಎತ್ತಲಿಲ್ಲ, ಬಿಡಲೂ ಇಲ್ಲ. ಸೀರೆ ಕೊಡೋ ದಿನ ಬಂತು. ಸೀರೆ ಕೊಟ್ಟು, ಆಸ್ಪತ್ರೆಯಿಂದ ಮಾತ್ರೆ, ಪೊಟ್ಟಣಗಳ ಹೊಸ ಡಬ್ಬಿ ತಗೊಂಡು ಅವರೊಬ್ಬರೇ ಬಂದರು. ಆಪರೇಷನ್ ಆಯ್ತಾ ಅಂತ ಕೇಳೋ ಧೈರ್ಯ ನನಗಿರಲಿಲ್ಲ. ಗಂಟು ನನ್ನ ಕೈಗೆ ಕೊಡ್ತಾ, "ಮಾಡಿಸ್ಲಿಲ್ಲ. ಮುಂದಿನ ಸಲ ನೀನೂ ಬಾ. ಡಾಕ್ಟ್ರತ್ರ ನೀನೇ ಕೇಳು, ಅವತ್ತು ಅಮ್ಮಂಗೆ ಹೇಳಿದ್ ಹಾಗೆ," ಅಂದರು. ಅಂದವರೇ ಮಗ್ಗದ ಕಡೆ ನಡೆದುಬಿಟ್ಟರು, ನನ್ನ ಮುಖ ನೋಡದೆ. ಅವರಿಗೂ ನಾಚಿಕೆ, ನನಗೂ ನಾಚಿಕೆ.

ಡಬ್ಬಿ ಎಲ್ಲಿಡಲಿ ಅಂತ ನಾನು ನಿಂತಿದ್ದಾಗ ಅತ್ತೆ ಬಂದರು. ಗಂಟನ್ನ ಕೈಯಿಂದ ತಗೊಂಡರು. ಒಳಗಿನ ಕೋಣೆಯಲ್ಲಿ ಅವರ ತಗಡಿನ ಟ್ರಂಕು ಇದೆ. ಅದರಲ್ಲಿ ಅವರ ಧಾರೆ ಸೀರೆ, ಮಾವನವರ ರೇಷ್ಮೆ ಪಂಚೆ. ಮಗನೂ ಅದನ್ನ ಮುಟ್ಟೋ ಹಾಗಿಲ್ಲ. ಅದರ ಬೀಗ ತೆಗೆದು, ಧಾರೆ ಸೀರೆಯ ಕೆಳಗೆ ಆ ಡಬ್ಬಿ ಇಟ್ಟರು. "ಇಲ್ಲಿರ್ಲಿ. ಕಂಡೋರ ಕಣ್ಣಿಗೆ ಬೀಳಲ್ಲ. ಬೇಕಾದಾಗ ಕೀ ಕೇಳು," ಅಂದು ಬೀಗ ಹಾಕಿ, ಕೀಯನ್ನ ಸೆರಗಿಗೆ ಗಂಟು ಹಾಕಿಕೊಂಡರು.

ಬೇಕಾದಾಗ ಕೀ ಕೇಳಬೇಕಂತೆ! ಶಿವನೇ, ಅದೆಂಥ ಶಿಕ್ಷೆ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ಗಂಡನ ಪಕ್ಕ ಮಲಗೋದಕ್ಕೆ ಅತ್ತೆಯ ಹತ್ತಿರ ಹೋಗಿ ನಿಂತ್ಕೋಬೇಕು. ಇವರು ನಾನು ಸತ್ರೂ ಕೇಳಲ್ಲ, ನೀನೇ ಕೇಳು ಅಂತ ಜಾರಿಕೊಂಡರು. ದೀಪ ಹಚ್ಚೋ ಹೊತ್ತಿಗೆ, ಅತ್ತೆ ಸೊಪ್ಪು ಸೋಸ್ತಾ ಕೂತಾಗ, ನಾನು ಸುತ್ತಮುತ್ತ ಎರಡು ಸಲ ಓಡಾಡ್ತಿದ್ದೆ. ಟ್ರಂಕಲ್ಲಿ ನುಸಿಗುಳಿಗೆ ಇದೆಯೋ ಇಲ್ವೋ ನೋಡ್ಲಾ ಅತ್ತೆ, ಅಂತಿದ್ದೆ. ಅವರು ಸೊಪ್ಪಿನಿಂದ ಕಣ್ಣು ತೆಗೆಯದೆ ಸೆರಗಿನ ಗಂಟು ಬಿಚ್ಚಿ ಕೊಡೋರು. ನುಸಿಗುಳಿಗೆ ಸಾಕಷ್ಟಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಕೀ ಹಿಂದಕ್ಕೆ ಕೊಡುವಾಗ ನನ್ನ ಕಿವಿ ಕಾದು ಕೆಂಪಾಗಿರೋದು. ಒಂದೊಂದು ದಿನ ಈ ಅವಮಾನವೇ ಬೇಡ ಅಂತ ಕೇಳದೇ ಮಲಗಿಬಿಡ್ತಿದ್ದೆ. ಆದರೂ ಆ ಟ್ರಂಕಿನ ಬೀಗ ನನ್ನನ್ನ ಕಾಯ್ತಿದೆ ಅನ್ನೋದೂ ನನಗೆ ತಿಳಿದಿತ್ತು.

ಮುಂದಿನ ಸಲ ಡಾಕ್ಟರ ಮುಂದೆ ಕೂತಾಗ ಆ ರೂಮಿನಲ್ಲಿ ಮಗ್ಗ ಇರಲಿಲ್ಲ, ಸದ್ದಿರಲಿಲ್ಲ. ನಾನು ಬಾಯಿ ಆಡಿಸಿದೆ, ದನಿ ಬರಲಿಲ್ಲ, ರೂಢಿ. ಡಾಕ್ಟರು ಏನಮ್ಮಾ, ಅಂದರು. ಗಂಟಲು ಸರಿಮಾಡಿಕೊಂಡು, ನಮಗೆ ಮಗು ಬೇಕು ಸಾರ್, ಅಂದೆ. ಅದು ಹೊಲಕ್ಕೆ ಕೇಳೋ ದನಿಯಲ್ಲೇ ಬಂದುಬಿಟ್ಟಿತು. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ಇವರು ಫ್ಯಾನ್ ನೋಡಲಿಲ್ಲ. ತಲೆ ತಗ್ಗಿಸಿಕೊಂಡು, ಹೌದು ಸಾರ್, ಅಂದರು. ಮತ್ತೆ ಪರೀಕ್ಷೆಗಳಾದವು. ಅವರ ರಕ್ತ ಈಗಲೂ ಚೆನ್ನಾಗಿದೆ ಅಂತ ಬಂತು. ನನಗೂ ಮುಂಜಾಗ್ರತೆಗೆ ಅಂತ ಮಾತ್ರೆ ಶುರುಮಾಡಿದರು. ತಿಂಗಳಿನಲ್ಲಿ ಯಾವ ದಿನಗಳಲ್ಲಿ ಪೊಟ್ಟಣ ಬಿಡಬಹುದು, ಮಿಕ್ಕ ದಿನ ಯಾಕೆ ಬಿಡಬಾರದು ಅಂತ ಕೌನ್ಸೆಲರ್ ಮೇಡಂ ಕ್ಯಾಲೆಂಡರ್ ಇಟ್ಟುಕೊಂಡು ಎಂದಿನ ಹಾಗೆ ಗಟ್ಟಿಯಾಗಿ ವಿವರಿಸಿದರು. ಸೆರಗಿನ ಅಂಚು ಹಿಡಿದುಕೊಂಡೇ ಎಲ್ಲ ಕೇಳಿಸಿಕೊಂಡೆ.

ಅತ್ತೆಗೆ ಇದನ್ನೆಲ್ಲ ಹೇಳಲಿಲ್ಲ. ಹೇಗೆ ಹೇಳೋದು? ಕ್ಯಾಲೆಂಡರಿನಲ್ಲಿ ಮೇಡಂ ತೋರಿಸಿದ್ದ ಆ ದಿನ ಬಂತು. ಎಲ್ಲ ಮಗ್ಗ ಓಡ್ತಿದ್ದವು. ಅತ್ತೆ ಕಂಡಿಕೆ ಸುತ್ತುತ್ತಾ ಇದ್ದರು. ಸಂಜೆಯ ದೀಪ ಹಚ್ಚಿ ನಾನು ಅವರ ಮುಂದೆಯೇ ಹಾದು ಹೋದೆ, ತಿರುಗಿ ಬಂದೆ, ಏನೂ ಕೇಳಲಿಲ್ಲ. ಹೊಸ ಜರಿ ಸೆರಗಿನ ಸೀರೆ ಉಟ್ಟಿದ್ದೆ, ತಲೆಗೆ ಹೂವಿತ್ತು. ಮರೆಮಾಡೋಕೆ ಏನೂ ಉಳಿದಿರಲಿಲ್ಲ. ಅತ್ತೆ ನೋಡಿದರು. ಕಂಡಿಕೆ ಸುತ್ತೋ ಯಂತ್ರ ನಿಲ್ಲಿಸಿದರು. ಕೀ ಕೇಳೋದನ್ನ ನಾನು ಮರೆತೆನೇನೋ ಅಂದುಕೊಂಡು ತಾವೇ ಸೆರಗಿನ ಗಂಟು ಬಿಚ್ಚಿ, ಕೀಯನ್ನ ನನ್ನ ಕಡೆ ಚಾಚಿದರು. ಈ ಸಲ ಕಣ್ಣು ಬೇರೆ ಕಡೆ ಇರಲಿಲ್ಲ, ನನ್ನ ಮೇಲೇ ಇತ್ತು.

ಇವತ್ತು ಬೇಡ ಅತ್ತೆ, ಅಂದೆ. ತುಟಿ ಅಲುಗಿತೋ ಇಲ್ಲವೋ ಅನ್ನೋಷ್ಟು ಸಣ್ಣಗೆ ಅಂದೆ. ಅಷ್ಟು ಸಣ್ಣಗೆ ನಾನು ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು.

ಅತ್ತೆ ಓದಿಕೊಂಡರು. ಚಾಚಿದ ಕೈ ಅಲ್ಲೇ ನಿಂತಿತು. ಆಮೇಲೆ ಕೀಯನ್ನ ಮತ್ತೆ ಸೆರಗಿಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಬಾಯಿ ಮೇಲೆ ಆ ಸೆರಗನ್ನೇ ಎಳೆದುಕೊಂಡರು, ಅವರ ತುಟಿ ಏನು ಅಂತಿದೆ ಅಂತ ನಾನು ಓದಬಾರದು ಅಂತ.